ತಕ್ಕಡಿ ಇಲ್ಲದ ಕೆಲಸ



ನೀಲಗಿರಿಯ ಲೈನುಗಳಿಂದಲೂ ವಯನಾಡಿನ ಪಾಡಿಗಳಿಂದಲೂ ನಮ್ಮ ಮಕ್ಕಳು ತೋಟದ ಹೊರಗಿನ ಕೆಲಸಗಳಿಗೆ ಹೋಗುತ್ತಿದ್ದಾರೆ. ಒಬ್ಬನು ಹೊಸೂರಿನ ಕಾರ್ಖಾನೆಗೆ, ಒಬ್ಬಳು ಕೊಯಮತ್ತೂರಿನ ಆಸ್ಪತ್ರೆಗೆ, ಇನ್ನೊಬ್ಬಳು ತಿರುಪ್ಪೂರಿನ ಬನಿಯನ್ ಕಂಪನಿಗೆ, ಮತ್ತೊಬ್ಬನು ಮೈಸೂರಿನ ಗೋದಾಮಿಗೆ. ತೋಟದಲ್ಲಿಯೇ ಉಳಿದವರಲ್ಲಿಯೂ ಎಲೆ ಕೊಯ್ಯುವುದನ್ನು ಬಿಟ್ಟು ಫ್ಯಾಕ್ಟರಿಯ ಯಂತ್ರಕ್ಕೋ ಆಫೀಸಿನ ಲೆಕ್ಕಕ್ಕೋ ಸೇರಿದವರುಂಟು. ಇದು ಸಂತೋಷದ ಸಂಗತಿ. ಆದರೆ ಇವರಲ್ಲಿ ಕೆಲವರು ಎರಡನೆಯ ಇಲ್ಲವೆ ಮೂರನೆಯ ತಿಂಗಳಲ್ಲಿ ಪೆಟ್ಟಿಗೆ ಹೊತ್ತುಕೊಂಡು ಹಿಂದಕ್ಕೆ ಬರುತ್ತಾರೆ. ಕೇಳಿದರೆ ಒಂದೇ ಮಾತು: "ನಾನು ಕೆಲಸ ಚೆನ್ನಾಗಿಯೇ ಮಾಡಿದೆ. ಯಾಕೆ ಬಿಡಿಸಿದರೋ ಗೊತ್ತಿಲ್ಲ."

ಈ ಮಾತನ್ನು ನಾವು ನಂಬುತ್ತೇವೆ. ನಮ್ಮ ಮಕ್ಕಳು ಮೈಗಳ್ಳರಲ್ಲ. ಬೆಳಿಗ್ಗೆ ಮಂಜು ಬಿಡುವ ಮುಂಚೆ ಎದ್ದು ನೀರು ಹೊತ್ತು ಶಾಲೆಗೆ ನಡೆದುಹೋದವರು ಕಾರ್ಖಾನೆಯ ಎಂಟು ಗಂಟೆಗೆ ಹೆದರುವವರಲ್ಲ. ಮಾಲೀಕರಲ್ಲಿ ಅನ್ಯಾಯಗಾರರು ಇದ್ದಾರೆ, ಅದು ಬೇರೆ ಲೇಖನದ ವಿಷಯ. ಆದರೆ ಅನ್ಯಾಯವಿಲ್ಲದ ಕಡೆಯಲ್ಲಿಯೂ ಹೀಗಾಗುವುದನ್ನು ನೋಡಿದ್ದೇವೆ. ಇದರ ಕಾರಣ ನಮಗೆ ಕಾಣುವುದು ಹೀಗೆ: ಅವರು ಕೆಲಸ ಮಾಡಿದರು, ಮಾಡಿದ್ದನ್ನು ಮೇಲಿನವರಿಗೆ ಹೇಳಲಿಲ್ಲ. ಹೇಳಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ಕಲಿಸದೆ ಇದ್ದುದಕ್ಕೆ ಕಾರಣ ತೋಟದ ಕೆಲಸದಲ್ಲಿಯೇ ಇದೆ. ಎಲೆ ಕೊಯ್ಯುವವಳು ತಾನು ಎಷ್ಟು ಕೆಲಸ ಮಾಡಿದೆನೆಂದು ಯಾರಿಗೂ ಹೇಳಬೇಕಾಗಿಲ್ಲ. ಅವಳ ಚೀಲವನ್ನು ದಿನಕ್ಕೆ ಎರಡು ಮೂರು ಸಲ ತೂಗುತ್ತಾರೆ, ಕಿಲೋ ಬರೆಯುತ್ತಾರೆ, ಅವಳ ಹೆಸರಿನ ಮುಂದೆ ಚೆಕ್‌ರೋಲಿನಲ್ಲಿ ಸೇರಿಸುತ್ತಾರೆ. ಗಿಡ ಸವರುವವನ ಕೆಲಸ ಗಿಡದ ಲೆಕ್ಕದಲ್ಲಿ ಬರುತ್ತದೆ. ಔಷಧಿ ಹೊಡೆಯುವವನದು ಟ್ಯಾಂಕಿನ ಲೆಕ್ಕದಲ್ಲಿ. ಕಾಫಿ ಹಣ್ಣು ಕೊಯ್ಯುವವರದು ಮತ್ತೆ ತೂಕದಲ್ಲಿ. ತಕ್ಕಡಿಯೇ ನಮ್ಮ ಪರವಾಗಿ ಮಾತನಾಡುತ್ತಿತ್ತು. ನಾವು ಬಾಯಿ ಮುಚ್ಚಿಕೊಂಡಿದ್ದರೂ ಸಂಜೆಯ ಹೊತ್ತಿಗೆ ನಮ್ಮ ದುಡಿಮೆ ದೊರೆಯ ಮೇಜಿನ ಮೇಲೆ ಇರುತ್ತಿತ್ತು.

ಹಾಗೆಂದು ತಕ್ಕಡಿ ಯಾವಾಗಲೂ ಸತ್ಯವನ್ನೇ ನುಡಿಯಿತೆಂದು ನಾವು ಹೇಳುವುದಿಲ್ಲ. ಚೀಲದ ತೂಕವೆಂದು ಸ್ವಲ್ಪ, ಒದ್ದೆ ಎಲೆಯೆಂದು ಸ್ವಲ್ಪ ಕಳೆಯುವ ಜಗಳ ತೋಟಗಳಷ್ಟೇ ಹಳೆಯದು. ಆದುದರಿಂದಲೇ ಅಕ್ಷರ ಬಾರದ ನಮ್ಮ ತಾಯಂದಿರು ಮುಳ್ಳು ನಿಂತ ಜಾಗವನ್ನು ಕಣ್ಣಿಟ್ಟು ನೋಡಿ, ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು ಎಂದು ಮನಸ್ಸಿನಲ್ಲಿಯೇ ಇಟ್ಟುಕೊಂಡು, ಸಂಬಳದ ದಿನ ರೈಟರಿನ ಪುಸ್ತಕದ ಎದುರು ನಿಂತು, "ಅಯ್ಯಾ, ಸೋಮವಾರ ನನ್ನದು ನಾಲ್ಕು ಕಿಲೋ ಬಿಟ್ಟುಹೋಗಿದೆ" ಎಂದು ಕೇಳುತ್ತಿದ್ದರು. ತನ್ನ ಕೆಲಸದ ಲೆಕ್ಕವನ್ನು ತಾನೇ ಇಟ್ಟುಕೊಂಡು ಬಾಯಿ ಬಿಟ್ಟು ಹೇಳುವ ವಿದ್ಯೆ ನಮ್ಮ ಮನೆಗಳಿಗೆ ಹೊಸದಲ್ಲ. ಮಕ್ಕಳಿಗೆ ಅದು ದಾಟಿಬರಲಿಲ್ಲ, ಅಷ್ಟೇ.

ದಾಟಿಬಂದದ್ದು ಇನ್ನೊಂದು ಪಾಠ. ದೊರೆ ಬಂದರೆ ದಾರಿ ಬಿಟ್ಟು ನಿಲ್ಲು, ಕೇಳಿದರೆ ಮಾತ್ರ ಹೇಳು, ಏನಿದ್ದರೂ ಮೇಸ್ತ್ರಿಯ ಮುಖಾಂತರ ಹೋಗು. ಹೋದ ಶತಮಾನದ ಮೊದಲಲ್ಲಿ ಈ ಪಾಠಕ್ಕೆ ಅರ್ಥವಿತ್ತು. ಮೈಸೂರು ಸೀಮೆಯಿಂದ ವಯನಾಡಿನ ಕಾಫಿ ತೋಟಗಳಿಗೆ ನಮ್ಮ ಹಿರಿಯರನ್ನು ಕರೆತಂದವನು ಮೇಸ್ತ್ರಿ. ಮುಂಗಡ ಕೊಟ್ಟವನು ಅವನು, ಸಂಬಳ ಕೈಗೆ ಬರುತ್ತಿದ್ದುದು ಅವನ ಮೂಲಕ. ತಮಿಳು ಸೀಮೆಯಿಂದ ಬಂದವರಿಗೆ ಅವನೇ ಕಂಗಾಣಿ. 1903ರಲ್ಲಿ ಮದರಾಸು ಪ್ರಾಂತ್ಯದಲ್ಲಿ ತೋಟದ ಕೂಲಿಗಳ ಮೇಲೆ ಒಂದು ಕಾನೂನು ಬಂತು. ಒಪ್ಪಂದ ಮುರಿದು ತೋಟ ಬಿಟ್ಟವನನ್ನು ಜೈಲಿಗೆ ಹಾಕಬಹುದೆಂದು ಅದರಲ್ಲಿತ್ತು. 1920ರ ದಶಕದ ಕೊನೆಗೆ ಅದು ರದ್ದಾಯಿತು. ಅಂಥ ಕಾಲದಲ್ಲಿ ಮೇಸ್ತ್ರಿಯನ್ನು ದಾಟಿ ದೊರೆಯ ಹತ್ತಿರ ಮಾತನಾಡುವುದೆಂದರೆ ಬೆಂಕಿಗೆ ಕೈ ಹಾಕಿದಂತೆ. ಮೌನವೇ ಬುದ್ಧಿವಂತಿಕೆಯಾಗಿತ್ತು. ಆ ಕಾನೂನು ಹೋಯಿತು, ಕಂಗಾಣಿಯೂ ಹೋದನು. ಮೌನ ಮಾತ್ರ ನಮ್ಮ ಮನೆಯಲ್ಲಿಯೇ ಉಳಿದುಕೊಂಡಿದೆ, ವಿನಯವೆಂಬ ಹೆಸರಿನಿಂದ.

ಈ ವಿನಯವನ್ನು ಕಟ್ಟಿಕೊಂಡು ಹುಡುಗನು ಹೊಸೂರಿಗೆ ಹೋಗುತ್ತಾನೆ. ಅಲ್ಲಿ ಒಬ್ಬ ಸೂಪರ್‌ವೈಸರನ ಕೈಕೆಳಗೆ ಮೂವತ್ತು ನಲವತ್ತು ಮಂದಿ. ಹುಡುಗನು ಬಿಡಿಭಾಗಗಳನ್ನು ಪರೀಕ್ಷಿಸಿ ಬೇರೆ ಮಾಡುತ್ತಾನೆ, ಹಾಳಾದದ್ದನ್ನು ತೆಗೆದಿಡುತ್ತಾನೆ, ಯಂತ್ರದ ಸುತ್ತ ಗುಡಿಸುತ್ತಾನೆ, ಪಕ್ಕದವನ ಯಂತ್ರ ನಿಂತರೆ ಹೋಗಿ ಕೈಕೊಡುತ್ತಾನೆ. ಇದರಲ್ಲಿ ಯಾವುದೂ ತಕ್ಕಡಿಗೆ ಬರುವುದಿಲ್ಲ. ಮೂರನೆಯ ತಿಂಗಳು ಆಫೀಸಿನಿಂದ ಒಂದು ಕಾಗದ ಬರುತ್ತದೆ: ಈ ಹುಡುಗನು ಕಲಿಯುತ್ತಿದ್ದಾನೋ, ಇವನನ್ನು ಉಳಿಸಿಕೊಳ್ಳಬೇಕೋ? ಸೂಪರ್‌ವೈಸರನು ಯೋಚಿಸುತ್ತಾನೆ. ಹುಡುಗನ ಮುಖ ನೆನಪಿದೆ, ಕೆಲಸ ನೆನಪಿಲ್ಲ. ಕೆಟ್ಟದ್ದೇನೂ ತೋರುವುದಿಲ್ಲ, ಒಳ್ಳೆಯದೂ ತೋರುವುದಿಲ್ಲ. ಇಬ್ಬರಲ್ಲಿ ಒಬ್ಬನನ್ನು ಬಿಡಬೇಕಾದರೆ ಬಿಡುವುದು ಇಂಥವನನ್ನೇ.

ಈ ಮೂರು ತಿಂಗಳ ಮಾತು ನಮ್ಮ ಕಲ್ಪನೆಯಲ್ಲ. 1946ರ ಸ್ಥಾಯಿ ಆದೇಶಗಳ ಕಾನೂನಿನ ಕೆಳಗೆ ಕೇಂದ್ರ ಸರಕಾರ ಮಾಡಿದ ಮಾದರಿ ನಿಯಮದಲ್ಲಿ, ಖಾಯಂ ಸ್ಥಾನಕ್ಕೆ ತಾತ್ಕಾಲಿಕವಾಗಿ ತೆಗೆದುಕೊಂಡು ಇನ್ನೂ ಮೂರು ತಿಂಗಳು ಮುಗಿಸದವನೇ ಪ್ರೊಬೇಷನರ್ ಎಂದು ಬರೆದಿತ್ತು. ಆ ಕಾನೂನೂ ನಮ್ಮ 1951ರ ತೋಟ ಕಾರ್ಮಿಕರ ಕಾನೂನೂ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿಹೋದವು. ಹೊಸ ಸಂಹಿತೆಯ ಪ್ರಕಾರ ಕೆಲಸಕ್ಕೆ ಸೇರಿದವನಿಗೆ ನೇಮಕಪತ್ರ ಕೊಡಲೇಬೇಕು. ಆದುದರಿಂದ ಪ್ರೊಬೇಷನ್ ಎಷ್ಟು ತಿಂಗಳೆಂದು ಬಾಯಿಮಾತಿನಿಂದ ತಿಳಿಯಬೇಡಿರಿ, ಪತ್ರವನ್ನು ಕೇಳಿ ಪಡೆದು ಅದರಲ್ಲಿ ಓದಿಕೊಳ್ಳಿರಿ. ಐ.ಟಿ.ಐ. ಮುಗಿಸಿ ಅಪ್ರೆಂಟಿಸ್ ಆಗಿ ಸೇರುವವರ ವಿಷಯದಲ್ಲಿ 1961ರ ಅಪ್ರೆಂಟಿಸ್ ಕಾನೂನು ಇನ್ನೂ ಸ್ಪಷ್ಟವಾಗಿದೆ. ಪ್ರತಿಯೊಬ್ಬ ಅಪ್ರೆಂಟಿಸನ ತರಬೇತಿ ಎಲ್ಲಿಗೆ ಬಂತೆಂಬ ದಾಖಲೆಯನ್ನು ಮಾಲೀಕನು ಇಡತಕ್ಕದ್ದು ಎಂದು ಅದು ಹೇಳುತ್ತದೆ. ದಾಖಲೆ ಬರೆಯುವ ಕೈಗೆ ಬರೆಯತಕ್ಕ ಸಂಗತಿ ಸಿಕ್ಕಬೇಕಲ್ಲವೇ? ಅದನ್ನು ಕೊಡುವವರು ನಾವು.

ಇಲ್ಲಿ ನಮ್ಮ ಲೈನುಗಳಲ್ಲಿ ಕೂಡಲೇ ಏಳುವ ಮಾತು ನಮಗೆ ಗೊತ್ತು. "ಹೋಗಿ ಹೋಗಿ ಮೇಲಿನವನ ಹತ್ತಿರ ಹೇಳುವುದು ಬಾಲ ಬಡಿಯುವವರ ಕೆಲಸ. ನಮ್ಮ ಮಕ್ಕಳು ಕಂಗಾಣಿಗಳಾಗಬೇಕೋ?" ಈ ಸಿಟ್ಟಿನ ಹಿಂದೆ ನೋವು ಇದೆ. ಚಾಡಿಯಿಂದ ಕೆಲಸ ಕಳೆದುಕೊಂಡ ಕುಟುಂಬಗಳು ನಮ್ಮ ನಡುವೆ ಉಂಟು. ಆದರೆ ಎರಡನ್ನು ಒಂದೇ ಗಂಟಿನಲ್ಲಿ ಕಟ್ಟಬಾರದು. ಚಾಡಿಗಾರನು ಪಕ್ಕದವನ ಕೆಲಸದ ಸುದ್ದಿಯನ್ನು ಒಯ್ಯುತ್ತಾನೆ. ನಾವು ಹೇಳುತ್ತಿರುವುದು ತನ್ನ ಕೆಲಸದ ಸುದ್ದಿಯನ್ನು. ಸೂಪರ್‌ವೈಸರನು, "ಅವನು ಹೇಗೆ ಮಾಡುತ್ತಿದ್ದಾನೆ?" ಎಂದು ಕೇಳಿದರೂ, "ಸಾರ್, ಅದನ್ನು ಅವನನ್ನೇ ಕೇಳಿ, ನನ್ನದು ಇಷ್ಟಾಗಿದೆ" ಎಂದು ಮರ್ಯಾದೆಯಿಂದ ಹೇಳಿ ನಿಲ್ಲಿಸಬಹುದು. ಈ ಗೆರೆಯನ್ನು ದಾಟದವನನ್ನು ಜೊತೆಯವರು ಎಂದೂ ಹಗೆಯಾಗಿ ಕಾಣರು.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳನ್ನು ಕೇಳಿ ನೋಡಿರಿ. ಪಾಳಿ ಬದಲಾಗುವಾಗ ಹೋಗುವ ನರ್ಸು ಬರುವ ನರ್ಸಿಗೆ ಹಾಸಿಗೆ ಹಾಸಿಗೆಯ ಹತ್ತಿರ ನಿಂತು ಹೇಳುತ್ತಾಳೆ: ಈತನಿಗೆ ಇಂಥ ಗಂಟೆಗೆ ಔಷಧಿ ಕೊಟ್ಟಿದೆ, ಈಕೆಗೆ ಜ್ವರ ಇಳಿದಿಲ್ಲ, ಆ ಹಾಸಿಗೆಯವರಿಗೆ ಡಾಕ್ಟರು ಇನ್ನೂ ಬಂದಿಲ್ಲ. ಇದನ್ನು ಯಾರಾದರೂ ಮುಖಸ್ತುತಿ ಎನ್ನುತ್ತಾರೋ? ಹೇಳದೆ ಮನೆಗೆ ಹೋದವಳನ್ನೇ ತಪ್ಪುಗಾರಳೆಂದು ಹಿಡಿಯುತ್ತಾರೆ.

ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯವನ್ನು ನಮ್ಮಲ್ಲಿ ಅನೇಕರು ಬಲ್ಲರು. ಇಬ್ಬಿಬ್ಬರಾಗಿ ಕೆಲಸಕ್ಕೆ ಹೋದ ಹನ್ನೆರಡು ಮಂದಿ ಹಿಂದಿರುಗಿ ತಾವು ಮಾಡಿದ್ದನ್ನೂ ಕಲಿಸಿದ್ದನ್ನೂ ತಿಳಿಸುತ್ತಾರೆ. ಅದಕ್ಕೆ ಉತ್ತರವಾಗಿ ಅವರಿಗೆ ಇನ್ನೊಂದು ಕೆಲಸ ಸಿಕ್ಕುವುದಿಲ್ಲ, ಸ್ವಲ್ಪ ಹೊತ್ತು ದಣಿವಾರಿಸಿಕೊಳ್ಳಿರೆಂಬ ಮಾತು ಸಿಕ್ಕುತ್ತದೆ. ಊಟಕ್ಕೂ ಸಮಯವಿಲ್ಲದ ಅವರ ದಣಿವು ಅಲ್ಲಿ ಕಂಡುಬಂತು. ಎಲ್ಲ ಸೂಪರ್‌ವೈಸರರೂ ಹಾಗಿರುತ್ತಾರೆಂದು ನಾವು ಭ್ರಮಿಸುವುದಿಲ್ಲ. ಆದರೆ ಹೇಳದವನ ದಣಿವು ಒಳ್ಳೆಯವನಿಗೂ ಕಾಣುವುದಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು, ಸಂಘದ ಅನುಭವವಿರುವವರು ಹೇಳುವಂಥದು. "ನಾನು ಇಂದು ಇಷ್ಟು ಹೆಚ್ಚು ಮಾಡಿದೆ ಎಂದು ಒಬ್ಬನು ಹೇಳಿದರೆ ನಾಳೆ ಎಲ್ಲರಿಗೂ ಅಷ್ಟೇ ಗುರಿ ಹಾಕುತ್ತಾರೆ." ಇದು ನಿಜ. ಪೀಸಿನ ಲೆಕ್ಕದ ಬನಿಯನ್ ಕಂಪನಿಯಲ್ಲಿಯೂ ಕಿಲೋ ಲೆಕ್ಕದ ತೋಟದಲ್ಲಿಯೂ ಇದು ನಡೆದದ್ದೇ. ಆದುದರಿಂದ ನಾವು ಹೇಳುವುದೇನೆಂದರೆ, ಎಣಿಕೆ ಇರುವ ಕೆಲಸದಲ್ಲಿ ಎಣಿಕೆಯನ್ನು ಹೊಗಳಿಕೊಳ್ಳಬೇಡಿರಿ. ಅದು ಪುಸ್ತಕದಲ್ಲಿ ಹೇಗೂ ಬರುತ್ತದೆ. ಅಲ್ಲಿ ಹೇಳಬೇಕಾದದ್ದು ಪುಸ್ತಕಕ್ಕೆ ಬಾರದ್ದನ್ನು: ಸೂಜಿ ಮುರಿದು ಅರ್ಧ ಗಂಟೆ ಹೋಯಿತು, ಬಟ್ಟೆ ತಡವಾಗಿ ಬಂತು, ಈ ಹೊಲಿಗೆ ನನಗೆ ಈಗ ಬರುತ್ತದೆ, ಆ ಕಾಲರಿನ ಹೊಲಿಗೆ ಇನ್ನೂ ಬರುವುದಿಲ್ಲ, ಯಾರಾದರೂ ಒಮ್ಮೆ ತೋರಿಸಬೇಕು. ಇಂಥ ಮಾತಿನಿಂದ ಜೊತೆಯವರ ಗುರಿ ಏರುವುದಿಲ್ಲ. ಬಟ್ಟೆ ತಡವಾಗುವುದು ನಿಂತರೆ ಎಲ್ಲರಿಗೂ ಲಾಭ.

ನಮ್ಮ ಮಕ್ಕಳು ಹೆಚ್ಚಾಗಿ ಮುಚ್ಚಿಡುವುದು ಒಳ್ಳೆಯ ಸುದ್ದಿಯನ್ನಲ್ಲ, ಕೆಟ್ಟ ಸುದ್ದಿಯನ್ನು. ಕೆಲಸ ಕಳೆದುಕೊಳ್ಳುವುದು ಇಲ್ಲಿಯೇ ಹೆಚ್ಚೆಂದು ನಮ್ಮ ಅಭಿಪ್ರಾಯ. ಇದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಟೀ ಫ್ಯಾಕ್ಟರಿಯನ್ನೇ ನೋಡೋಣ.

ಹಸಿರೆಲೆ ಬಂದಮೇಲೆ ಹನ್ನೆರಡರಿಂದ ಹದಿನಾರು ಗಂಟೆಯವರೆಗೆ ಬಾಡುತ್ತದೆ. ಆಮೇಲೆ ಸಿ.ಟಿ.ಸಿ. ಉರುಳೆಗಳಲ್ಲಿ ಪುಡಿಯಾಗುತ್ತದೆ. ಪುಡಿಯಾದದ್ದು ಒಂದು ಒಂದೂವರೆ ಗಂಟೆ ಹುಳಿಯುತ್ತಾ ಬಣ್ಣ ತಿರುಗುತ್ತದೆ. ತಿರುಗಿದ ಕೂಡಲೇ ಡ್ರೈಯರಿಗೆ ಹೋಗಬೇಕು. ಅಲ್ಲಿ ನೂರು ಡಿಗ್ರಿಯ ಆಸುಪಾಸಿನ ಬಿಸಿಗಾಳಿಯಲ್ಲಿ ಒಣಗಿ ನೂರಕ್ಕೆ ಮೂರು ಪಾಲಿನಷ್ಟು ತೇವ ಮಾತ್ರ ಉಳಿಯಬೇಕು. ಈ ಸಾಲಿನಲ್ಲಿ ಯಾವುದೂ ಕಾಯುವುದಿಲ್ಲ. ಡ್ರೈಯರಿಗೆ ಹೊಸದಾಗಿ ಹಾಕಿದ ಹುಡುಗನು ರಾತ್ರಿ ಎರಡು ಗಂಟೆಗೆ ಮುಳ್ಳು ಇಳಿಯುತ್ತಿರುವುದನ್ನು ನೋಡುತ್ತಾನೆಂದು ಇಟ್ಟುಕೊಳ್ಳೋಣ. ಸೌದೆ ಹಸಿಯಾಗಿದೆ, ಒಲೆ ಏಳುವುದಿಲ್ಲ. ಟೀಮೇಕರ್ ಆಚೆ ಕೋಣೆಯಲ್ಲಿದ್ದಾನೆ. ಎಬ್ಬಿಸಿದರೆ ಬೈದಾನೆಂಬ ಅಂಜಿಕೆ. ಈಗ ಸರಿಹೋದೀತು, ಈಗ ಸರಿಹೋದೀತು ಎಂದು ತಾನೇ ಒಲೆಗೆ ಊದುತ್ತಾ ನಿಲ್ಲುತ್ತಾನೆ. ಇತ್ತ ಹುಳಿಯಲಿಟ್ಟದ್ದು ಹೊತ್ತು ಮೀರುತ್ತದೆ. ಅತ್ತ ಡ್ರೈಯರಿನಿಂದ ಇಳಿದದ್ದರಲ್ಲಿ ತೇವ ಉಳಿಯುತ್ತದೆ. ಬೆಳಿಗ್ಗೆ ಟೀಮೇಕರ್ ಬಟ್ಟಲಲ್ಲಿ ಹಾಕಿ ನೋಡಿದರೆ ಬಣ್ಣ ಮಂಕು, ರುಚಿ ಸಪ್ಪೆ. ಒಂದು ಕಿಲೋ ಟೀ ಪುಡಿಗೆ ನಾಲ್ಕೂವರೆ ಕಿಲೋದಷ್ಟು ಹಸಿರೆಲೆ ಬೇಕು. ನೂರು ಕಿಲೋ ಪುಡಿ ಕೆಟ್ಟರೆ ಹೆಚ್ಚುಕಡಿಮೆ ನಾನೂರೈವತ್ತು ಕಿಲೋ ಎಲೆ, ನಮ್ಮ ಅಕ್ಕತಂಗಿಯರು ಬೆನ್ನಿನ ಮೇಲೆ ಹೊತ್ತು ತಂದ ಎಲೆ, ಹಾಳು.

ಆ ಹುಡುಗನ ಅಪರಾಧವೇನು? ಹಸಿ ಸೌದೆ ಅವನು ತಂದದ್ದಲ್ಲ. ಎರಡು ಗಂಟೆಗೆ ಬಾಗಿಲು ತಟ್ಟಿ, "ಸಾರ್, ಬಿಸಿ ಇಳಿಯುತ್ತಾ ಇದೆ, ಸೌದೆ ಹಸಿ, ಉರುಳೆಗೆ ಎಲೆ ಬಿಡುವುದನ್ನು ನಿಲ್ಲಿಸಬೇಕೋ?" ಎಂದಿದ್ದರೆ ತಪ್ಪು ಸೌದೆಯದಾಗುತ್ತಿತ್ತು. ಬೆಳಿಗ್ಗೆಯವರೆಗೆ ಇಟ್ಟುಕೊಂಡದ್ದರಿಂದ ಅದು ಅವನದಾಯಿತು. ಎರಡು ಗಂಟೆಗೆ ಬೈಗುಳ ತಿನ್ನುವುದು ಆರು ಗಂಟೆಗೆ ಕೆಲಸ ಹೋಗುವುದಕ್ಕಿಂತ ಬಹಳ ಅಗ್ಗ. ಬಾಗಿಲು ತಟ್ಟಿದವನನ್ನು ಬೈಯುವ ಟೀಮೇಕರ್‌ಗಳಿಗೂ ಇಲ್ಲಿ ಒಂದು ಮಾತು ಹೇಳಬೇಕಾಗಿದೆ: ಒಂದು ರಾತ್ರಿ ನೀವು ಬೈದದ್ದು ಮೂರು ವರ್ಷ ಆ ಪಾಳಿಯವರೆಲ್ಲರ ಬಾಯನ್ನು ಮುಚ್ಚಿಸುತ್ತದೆ. ಆಮೇಲೆ ಅವರು ಹೇಳಲಿಲ್ಲವೆಂದು ದೂರಬೇಡಿರಿ.

ಮುಗಿಯದ್ದನ್ನು ಮುಗಿಯಿತೆನ್ನುವುದು ಮೌನಕ್ಕಿಂತಲೂ ಕೆಟ್ಟದ್ದು. "ಆಯಿತಾ?" ಎಂದು ಗಡುಸಾಗಿ ಕೇಳಿದರೆ "ಆಯಿತು ಸಾರ್" ಎಂದು ನಮ್ಮ ಬಾಯಿ ತಾನಾಗಿಯೇ ಹೇಳಿಬಿಡುತ್ತದೆ. ಹಳೆಯ ಹೆದರಿಕೆಯ ಅಭ್ಯಾಸ ಅದು. ಅದನ್ನು ಬಿಡಿಸಿಕೊಳ್ಳುವುದು ಸುಲಭವಲ್ಲ.

ಹಾಗಾದರೆ ಹೇಗೆ ಹೇಳಬೇಕು? ಉದ್ದವಾಗಿ ಬೇಡ. ಪಾಳಿ ಮುಗಿಯುವ ಹೊತ್ತಿಗೆ, ಅವರು ಗಡಿಬಿಡಿಯಲ್ಲಿ ಇಲ್ಲದಾಗ, ಎರಡು ನಿಮಿಷ. "ಸಾರ್, ನೀವು ಹೇಳಿದ ಹನ್ನೆರಡು ಪೆಟ್ಟಿಗೆಯಲ್ಲಿ ಒಂಬತ್ತು ಆಗಿದೆ. ಮೂರಕ್ಕೆ ಸಾಮಾನು ಸಾಲದು. ಸ್ಟೋರಿನಿಂದ ಬಂದರೆ ನಾಳೆ ಹತ್ತು ಗಂಟೆಗೆ ಮುಗಿಸುತ್ತೇನೆ." ಇದರಲ್ಲಿ ಆದದ್ದು ಇದೆ, ಆಗದ್ದು ಇದೆ, ಬೇಕಾದದ್ದು ಇದೆ. ಹೊಗಳಿಕೆ ಇಲ್ಲ, ಅಳುವುದೂ ಇಲ್ಲ. ಮೊದಲ ವಾರವೇ, "ನಾನು ದಿನಾ ಬಂದು ಹೇಳಬೇಕೋ, ವಾರಕ್ಕೊಮ್ಮೆ ಸಾಕೋ?" ಎಂದು ಕೇಳಿಬಿಟ್ಟರೆ ಮುಂದೆ ಅಂಜಿಕೆ ಇರುವುದಿಲ್ಲ. ಕೆಲವರಿಗೆ ಪ್ರತಿದಿನವೂ ಬರುವವನು ಕಾಟವಾಗುತ್ತಾನೆ. ಕೆಲವರು ಮಾತಿಗಿಂತ ಫೋನಿಗೆ ವಾಟ್ಸಾಪ್ ಬರೆದರೆ ಒಪ್ಪುತ್ತಾರೆ. ಅದು ನಮಗೂ ಒಳ್ಳೆಯದು, ಯಾಕಂದರೆ ಬರೆದದ್ದು ತಾರೀಕಿನೊಡನೆ ಉಳಿಯುತ್ತದೆ.

ಭಾಷೆಯ ತೊಡಕು ನಮಗೆ ಇತರರಿಗಿಂತ ಹೆಚ್ಚು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಇಲ್ಲವೆ ಮಲಯಾಳ, ಸೂಪರ್‌ವೈಸರನದು ಹಿಂದಿಯಾಗಿದ್ದರೂ ಆದೀತು. ಮಾತು ತಪ್ಪೀತೆಂದು ಎಷ್ಟೋ ಮಕ್ಕಳು ಸುಮ್ಮನಾಗುತ್ತಾರೆ. ನಮ್ಮ ಸಲಹೆ ಇಷ್ಟೇ: ಆ ಕೆಲಸಕ್ಕೆ ಬೇಕಾದ ಇಪ್ಪತ್ತು ಮಾತುಗಳನ್ನು ಅವರ ಭಾಷೆಯಲ್ಲಿ ಕಲಿತು ಕನ್ನಡ ಅಕ್ಷರದಲ್ಲಿಯೇ ಬರೆದಿಟ್ಟುಕೊಳ್ಳಿರಿ. ಆಯಿತು, ಆಗಿಲ್ಲ, ನಿಂತಿದೆ, ಮುರಿದಿದೆ, ಸಾಲದು, ನಾಳೆ, ಅಂಕೆಗಳು. ವ್ಯಾಕರಣವನ್ನು ಯಾರೂ ಕೇಳುವುದಿಲ್ಲ. ಗಡಿಯಲ್ಲಿ ಬೆಳೆದವರಿಗೆ ಎರಡು ಮೂರು ಭಾಷೆ ಕಲಿಯುವುದು ಹೊಸ ಕಷ್ಟವೂ ಅಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆವು. ಕೆಲಸದ ವರದಿ ಕೆಲಸದ ಜಾಗದಲ್ಲಿ, ನಾಲ್ಕು ಮಂದಿಯ ಎದುರಿಗೆ ಹೇಳತಕ್ಕದ್ದು. ಪಾಳಿ ಮುಗಿದ ಮೇಲೆ ಒಂಟಿಯಾಗಿ ಕೋಣೆಗೆ ಬಾ, ರಾತ್ರಿ ಫೋನು ಮಾಡು ಎನ್ನುವವನು ಕೆಲಸದ ಸುದ್ದಿ ಕೇಳುತ್ತಿಲ್ಲ. ಹತ್ತು ಮಂದಿಗೆ ಕಡಿಮೆಯಿಲ್ಲದ ಪ್ರತಿಯೊಂದು ಕಡೆಯಲ್ಲಿಯೂ ಇಂಥ ದೂರನ್ನು ಕೇಳುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾನೂನು ಹೇಳುತ್ತದೆ. ಅದರಲ್ಲಿ ಯಾರು ಯಾರು ಇದ್ದಾರೆಂದು ಸೇರಿದ ವಾರದಲ್ಲಿಯೇ ಕೇಳಿ ತಿಳಿದುಕೊಳ್ಳಲಿ. ಸಂಕೋಚದಿಂದ ಬಿಟ್ಟರೆ ಆಮೇಲೆ ಕೇಳುವುದು ಇನ್ನೂ ಕಷ್ಟ.

ತಾಯಿತಂದೆಯರೇ, ಈ ಮೂರು ತಿಂಗಳ ಬೆಲೆ ನಿಮಗೆ ನಾವು ಹೇಳಬೇಕಾಗಿಲ್ಲ. ತೋಟದಿಂದ ನಿವೃತ್ತರಾದ ಮೇಲೆ, ಮನೆಯಲ್ಲಿ ಇನ್ನೊಬ್ಬರು ತೋಟದ ಕೆಲಸದಲ್ಲಿಲ್ಲದಿದ್ದರೆ, ಲೈನಿನ ಮನೆ ಬಿಟ್ಟುಕೊಡಬೇಕಾಗುತ್ತದೆ. ಆಗ ಬಾಡಿಗೆಗೆ ಆಸರೆಯಾಗುವುದು ಹೊರಗೆ ಹೋದ ಮಗನ ಇಲ್ಲವೆ ಮಗಳ ಸಂಬಳವೇ. ಆದಿತ್ಯವಾರ ಫೋನು ಬಂದಾಗ, "ಊಟ ಆಯಿತಾ, ಸಂಬಳ ಬಂತಾ?" ಎಂದು ಕೇಳುವ ನಾವು, "ಈ ವಾರ ಏನು ಕಲಿತೆ, ಅದು ನಿನ್ನ ಮೇಲಿನವರಿಗೆ ಗೊತ್ತೋ?" ಎಂದೂ ಕೇಳಬಹುದು. ಮನೆಯವರಿಗೆ ಹೇಳಿ ಅಭ್ಯಾಸವಾದವರಿಗೆ ಸೂಪರ್‌ವೈಸರನಿಗೆ ಹೇಳುವುದು ಅಷ್ಟು ಕಷ್ಟವಾಗದು.

ಹೋಗುವಾಗ ಅಂಗಿಯ ಜೇಬಿನಲ್ಲಿ ಹಿಡಿಯುವ ಒಂದು ಸಣ್ಣ ಪುಸ್ತಕವನ್ನೂ ಪೆನ್ಸಿಲನ್ನೂ ಕೊಟ್ಟು ಕಳುಹಿಸಿರಿ. ದಿನಕ್ಕೆ ಎರಡು ಸಾಲು ಸಾಕು: ತಾರೀಕು, ಮಾಡಿದ್ದು, ಮೇಲಿನವರಿಗೆ ಹೇಳಿದ್ದು, ಅವರು ಕೊಟ್ಟ ಉತ್ತರ. ಇಷ್ಟೆಲ್ಲ ಮಾಡಿದರೂ ಮೂರನೆಯ ತಿಂಗಳಲ್ಲಿ ಕಾರಣ ಹೇಳದೆ ಬಿಡಿಸಿದರೆ, ಆ ಪುಸ್ತಕವನ್ನೂ ನೇಮಕಪತ್ರವನ್ನೂ ಹಿಡಿದುಕೊಂಡು ಸಂಘದ ಕಚೇರಿಗೆ ಬರಲಿ. ಬರಿಗೈಯಲ್ಲಿ ಬಂದವರ ಪರವಾಗಿ ಮಾತನಾಡುವುದು ಸಂಘದವರಿಗೂ ಕಷ್ಟ. ತಾರೀಕು ಹಾಕಿದ ಸಾಲುಗಳಿದ್ದರೆ ಅವರು ಅಲ್ಲಿಂದ ಶುರುಮಾಡಬಹುದು.